ಅಲುಗಾಡಬಾರದು

ಮೈಮೇಲೆ ಲೋಹದ್ದು ಇನ್ನೇನಾದರೂ ಉಳಿದಿದೆಯೇ ಎಂದು ಸ್ಕ್ಯಾನ್ ಕೋಣೆಯವನು ಮತ್ತೊಮ್ಮೆ ಕೇಳಿದಾಗ ತಂಗಿ ಜೇಬು ತಡಕಿ ಬೀಗದ ಕೈ ತೆಗೆದಳು. ಮೊದಲು ವಾಚು, ಆಮೇಲೆ ಹೇರ್‌ಪಿನ್ನು, ಈಗ ಇದು. ಅಕ್ಕನಿಗೆ ನಗುವೂ ಬಂತು, ಸಿಟ್ಟೂ ಬಂತು.

ಮಕ್ಕಳಿಗೆ ಈಜು ಕಲಿಸುವ ಈ ತಂಗಿ ಮೊದಲಿನಿಂದಲೂ ಹೀಗೆಯೇ. ಒಲೆಯ ಮೇಲೆ ಹಾಲಿಟ್ಟು ಬಾಗಿಲು ತೆರೆಯಲು ಹೋದರೆ ಹಾಲನ್ನೂ ಮರೆತು, ಬಾಗಿಲಲ್ಲಿ ನಿಂತವರನ್ನೂ ಮರೆತು, ಹೂಕುಂಡಕ್ಕೆ ನೀರು ಹಾಕುತ್ತ ನಿಲ್ಲುವವಳು. ತಲೆಯಲ್ಲಿರುವುದು ಮಿದುಳೋ ಮಣ್ಣೋ ಎಂದು ಅಮ್ಮ ಬೈದು ಬೈದು ಸೋತಿದ್ದಳು. ಮೂವತ್ತು ದಾಟಿದ ಮೇಲೆ ವೈದ್ಯರೊಬ್ಬರು ಇದಕ್ಕೆ ಎಡಿಎಚ್‌ಡಿ ಎಂದು ಹೆಸರು ಹೇಳಿದರು. ಅಂಥವರ ಮಿದುಳಿನ ರಚನೆಯನ್ನು ಒಡಹುಟ್ಟಿದವರ ಮಿದುಳಿನ ಜೊತೆ ಹೋಲಿಸಿ ನೋಡುವ ಅಧ್ಯಯನವೊಂದು ನಡೆದಿದೆ ಎಂದು ತಿಳಿದದ್ದೇ ತಡ, ಅವಳು ತನ್ನ ಹೆಸರು ಕೊಟ್ಟಳು. ಕೇಳದೆಯೇ ಅಕ್ಕನದನ್ನೂ ಕೊಟ್ಟಳು.

ಅಕ್ಕ ಔಷಧದಂಗಡಿಯವಳು. ಒಂದು ಮಾತ್ರೆ ಆಚೀಚೆ ಆಗದ ಕೈ ಅವಳದು. ಯಂತ್ರದೊಳಗೆ ಅರ್ಧ ಗಂಟೆ ತಲೆ ಅಲುಗಿಸದೆ ಮಲಗಬೇಕು ಎಂದಾಗಲೇ, ತಂಗಿಯಿಂದ ಇದು ಆಗುವ ಹೋಗುವ ಕೆಲಸವಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಳು.

ಗಾಜಿನಾಚೆ ಯಂತ್ರ ಬಡಗಿಗಳ ದಂಡೇ ಸೇರಿ ಬಡಿದಂತೆ ಸದ್ದು ಮಾಡತೊಡಗಿತು. ಹೊರಗೆ ಕಾಣುತ್ತಿದ್ದ ತಂಗಿಯ ಕಾಲುಗಳನ್ನೇ ಅಕ್ಕ ನೋಡುತ್ತಿದ್ದಳು. ಊಟಕ್ಕೆ ಕೂತರೂ ಮೇಜಿನಡಿ ಕುಣಿಯುವ ಕಾಲುಗಳು. ಕೊನೆಯವರೆಗೂ ಒಂದು ಬೆರಳು ಮಿಸುಕಲಿಲ್ಲ. ಇಷ್ಟು ಸ್ವಚ್ಛವಾದ ಚಿತ್ರ ಸಿಗುವುದು ಅಪರೂಪ ಎಂದ ಸ್ಕ್ಯಾನ್‌ನವನು.

ಅದು ಹೇಗಾಯಿತೆಂದು ಅಕ್ಕ ಕೇಳಿದಳು.

"ಅಷ್ಟು ಸದ್ದಿದ್ರೆ ನನ್ನ ತಲೆಗೆ ಹಿತ ಅಕ್ಕ. ಒಳಗಿನ ಗದ್ದಲಕ್ಕೆ ಒಂದು ಜೊತೆ ಸಿಕ್ಕಿದ ಹಾಗೆ."

ಪರದೆಯ ಮೇಲೆ ತಂಗಿಯ ಮಿದುಳು ಮೂಡಿತ್ತು, ಸುರುಳಿ ಸುರುಳಿಯಾಗಿ. ವ್ಯತ್ಯಾಸ ಎಲ್ಲಿದೆ ತೋರಿಸಿ ಎಂದು ಅಕ್ಕ ಅಧ್ಯಯನ ನಡೆಸುತ್ತಿದ್ದ ಸಂಶೋಧಕಿಯನ್ನು ಕೇಳಿದಳು. ಆಕೆ ಆಗದೆಂದು ತಲೆಯಾಡಿಸಿದರು. ಸಾವಿರಾರು ಜನರ ಚಿತ್ರಗಳನ್ನು ಒಟ್ಟಿಗೆ ಅಳೆದಾಗ, ಆಳದ ಒಂದೆರಡು ಭಾಗಗಳು ಸರಾಸರಿಯಲ್ಲಿ ಕೂದಲೆಳೆಯಷ್ಟು ಚಿಕ್ಕವಾಗಿ ಕಾಣಬಹುದು. ಅದೂ ಮಕ್ಕಳಲ್ಲಿ ಹೆಚ್ಚು. ಒಬ್ಬರದೇ ಚಿತ್ರ ನೋಡಿ ಯಾರೂ ಏನೂ ಹೇಳಲಾರರು. ಅದಕ್ಕೇ ಜೋಡಿಗಳು ಬೇಕು, ಇನ್ನೂ ಬಹಳ ಬೇಕು, ಎಂದರು.

ಇಷ್ಟು ವರ್ಷ ಬೈದದ್ದಕ್ಕೆಲ್ಲ ಅಲ್ಲೊಂದು ಗುರುತು ಕಾಣುತ್ತದೆಂದು ಅಕ್ಕ ಕಾದಿದ್ದಳು. ಕಂಡದ್ದು ಒಂದು ಮಿದುಳು, ಅಷ್ಟೆ. ನೋಡಲು ಚೆನ್ನಾಗಿಯೇ ಇತ್ತು.

ಆಮೇಲೆ ಅವಳ ಸರದಿ. ತಲೆಯ ಮೇಲೆ ಪಂಜರದಂಥದ್ದು ಬಂದು ಕೂತು, ಹಲಗೆ ಒಳಗೆ ಸರಿದು, ಮೂಗಿನ ನೇರಕ್ಕೇ ಗೋಡೆ ಬಂದಾಗ ಅವಳ ಜೀವ ಬಾಯಿಗೆ ಬಂತು. ಭಯವಾದರೆ ಒತ್ತಿ ಎಂದು ಕೈಗೆ ಕೊಟ್ಟಿದ್ದ ರಬ್ಬರ್ ಚೆಂಡು ಹಿಸುಕಿದಳು. ಹೊರಗೆಳೆದರು. ಇನ್ನೊಮ್ಮೆ ಹೋದಳು, ಇನ್ನೊಮ್ಮೆ ಹಿಸುಕಿದಳು. ಬೆವರಿನಲ್ಲಿ ತೊಯ್ದು ಎದ್ದು ಕೂತಳು.

"ನನ್ನಿಂದಾಗಲ್ಲ ಕಣೇ. ಮನೆಗೆ ಹೋಗೋಣ."

ಬಲವಂತವಿಲ್ಲ ಎಂದು ಸಂಶೋಧಕಿ ಸಮಾಧಾನ ಹೇಳಿದರು. ಜೋಡಿ ಇಲ್ಲದಿದ್ದರೆ ತಂಗಿಯ ಚಿತ್ರವೂ ಲೆಕ್ಕಕ್ಕಿಲ್ಲವೆಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತಂಗಿ ಅವರನ್ನು ಕೇಳಿಕೊಂಡು, ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಸಿಕೊಂಡು ಒಳಗೆ ಬಂದು ಅಕ್ಕನ ಕಾಲ ಬಳಿ ನಿಂತಳು.

"ನೀರಿಗೆ ಹೆದರೋ ಮಕ್ಕಳಿಗೆ ಹೆದರಬೇಡ ಅಂತ ನಾನು ಯಾವತ್ತೂ ಹೇಳಲ್ಲ ಅಕ್ಕ. ಉಸಿರು ಬಿಡು ಅಂತೀನಿ. ತಗೊಳ್ಳೋದು ತಾನಾಗೇ ಬರುತ್ತೆ. ನಾನು ಪಾದ ಒತ್ತಿದಾಗ ಬಿಡು, ಸಾಕು."

ಅಕ್ಕ ಮತ್ತೆ ಮಲಗಿದಳು. ಹಲಗೆ ಸರಿಯಿತು. ಬಡಿತ ಶುರುವಾಯಿತು. ಅಕ್ಕ ಕಣ್ಣು ಮುಚ್ಚಿದಳು. ಪಾದದ ನಡುವೆ ಹೆಬ್ಬೆರಳು ಮೆಲ್ಲಗೆ ಒತ್ತಿತು, ಉಸಿರು ಬಿಟ್ಟಳು. ಸಡಿಲವಾಯಿತು. ಮತ್ತೆ ಒತ್ತಿತು. ಯಂತ್ರ ಗುಡುಗಿತು, ಕಿರುಚಿತು, ತಾಳ ಬದಲಿಸಿತು. ಆ ಬೆರಳು ಮುಂದೂ ಓಡಲಿಲ್ಲ, ಹಿಂದೂ ಬೀಳಲಿಲ್ಲ. ಎಷ್ಟು ಹೊತ್ತಾಯಿತೆಂದು ಅಕ್ಕನಿಗೆ ತಿಳಿಯಲಿಲ್ಲ.

ಸದ್ದು ನಿಂತಿತು. ಮುಗಿಯಿತೆಂದು ಯಾರೋ ಹೇಳಿದರು. ತಂಗಿಗೆ ಕೇಳಿಸಿರಲಿಲ್ಲವೇನೋ, ಬೆರಳು ಇನ್ನೂ ಒತ್ತುತ್ತಲೇ ಇತ್ತು. ಅಕ್ಕ ಕಣ್ಣು ತೆರೆಯದೆ ಮತ್ತೊಂದು ಉಸಿರು ಬಿಟ್ಟಳು.