ಕೈಲಾಸನ ನಾಲ್ಕು ಸಾಲು

ನನಗೆ ಹೇಸಿಗೆ ಸ್ವಲ್ಪ ಜಾಸ್ತಿ. ಬಸ್ಸಿನಲ್ಲಿ ಪಕ್ಕದವನು ಗುಟ್ಕಾ ಉಗುಳಿದರೆ ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದು ಹೋಗುವವನು ನಾನು. ಹೋಟೆಲಿನ ಲೋಟ ಮುಟ್ಟುವುದಿಲ್ಲ. ಮನೆತನದಿಂದ ಜಂಗಮ. ಭಕ್ತರ ಮನೆಗೆ ಪೂಜೆಗೆ ಹೋದಾಗ ನಮಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಗಂಟಲು ಹರಿಯುವಂತೆ ಹೇಳುತ್ತೇನೆ, ಮನೆಗೆ ಬಂದು ಎರಡು ಸಲ ಸ್ನಾನ ಮಾಡುತ್ತೇನೆ. "ಹೇಳೋದು ಶಾಸ್ತ್ರ, ತಿನ್ನೋದು ಬದ್ನಿಕಾಯಿ" ಎಂದು ಹೆಂಡತಿ ಸುಮಿತ್ರಾ ನಗುತ್ತಾಳೆ. ನಗಲಿ ಬಿಡಿ, ಅವಳ ನಗು ನನಗೆ ಅಭ್ಯಾಸವಾಗಿದೆ.

ಗಡಿಯಾಚೆ, ಮರಾಠಿ ನಾಡಿನ ಉಮರ್ಗಾದ ಫಾದರುಗಳ ಗಂಡುಮಕ್ಕಳ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮರಾಠಿ ಕಲಿಸುತ್ತಿದ್ದೇನೆ. ಹೆಸರು ಗುರುಶಾಂತಯ್ಯ, ಹುಡುಗರ ಬಾಯಲ್ಲಿ ಸ್ವಾಮಿ ಸರ್. ಪ್ರತಿ ಫೆಬ್ರವರಿಯಲ್ಲಿ ಹತ್ತನೆಯವರಿಗೆ ನಿರೋಪ ಸಮಾರಂಭ, ಅಂದರೆ ಬೀಳ್ಕೊಡುಗೆ. ಅದಕ್ಕೆ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಹೊರಡುವ ಒಬ್ಬೊಬ್ಬ ಹುಡುಗನ ಮೇಲೂ ಪ್ರೀತಿಯಿಂದ ನಾಲ್ಕು ಸಾಲು ಬರೆದು, ತಂದೆತಾಯಿಗಳ ಮುಂದೆ ಓದಿ, ಆ ಹಾಳೆಯನ್ನು ಅವನ ಕೈಗೆ ಕೊಡಬೇಕು. ಅದನ್ನು ಮನೆಯಲ್ಲಿ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕ ತೂಗುಹಾಕುತ್ತಾರೆ. ಬರೆಯುವವನು ನಾನು. ಒಂದು ವಾರ ಮೊದಲು ಹುಡುಗರೆಲ್ಲ ತಮ್ಮ ಜೊತೆಗಾರರ ಬಗ್ಗೆ ಒಂದೊಂದು ನೆನಪನ್ನು ಚೀಟಿಯಲ್ಲಿ ಬರೆದು ನನ್ನ ಡಬ್ಬಿಗೆ ಹಾಕುತ್ತಾರೆ. ಬರೆದವನ ಹೆಸರು ಇರಬಾರದು. ಆ ಚೀಟಿಗಳಿಂದಲೇ ನಾನು ಹಾಳೆ ತಯಾರಿಸುವುದು.

ಈ ವರ್ಷ ಆ ಡಬ್ಬಿ ತೆರೆದು ನಾನು ಕೆಟ್ಟೆ.

ಜನವರಿಯಲ್ಲಿ ನಡೆದದ್ದನ್ನು ಮೊದಲು ಹೇಳಬೇಕು. ಪ್ರಿಲಿಮ್ ಪರೀಕ್ಷೆಯ ವಾರ. ಎರಡು ದಿನದಿಂದ ಶಾಲೆಯ ನೀರು ಏನೋ ಒಂದು ವಾಸನೆ ಹೊಡೆಯುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಗಣಿತದ ಪೇಪರು. ಘಂಟೆಯಾಗುವ ಮುಂಚೆ ಮೆಟ್ಟಿಲು ಹತ್ತಿ ನೋಡಿದರೆ, ಮಾಳಿಗೆಯ ಮೇಲಿನ ನೀರಿನ ಟಾಕಿಯ ಹತ್ತಿರ ಹಾಸ್ಟೆಲಿನ ಹುಡುಗ ಕೈಲಾಸ ನಿಂತಿದ್ದ. ಮಾಕಣಿಯವನು, ನಮ್ಮದೇ ಭಕ್ತರ ಪೈಕಿ ರೈತರ ಮನೆಯ ಮಗ. ಅವನ ಕೈಯಲ್ಲಿ ಬಾಲ ಹಿಡಿದ ಒಂದು ಸತ್ತ ಇಲಿ, ನೀರು ಕುಡಿದು ಊದಿಕೊಂಡು, ಕೂದಲು ಉದುರಿ, ಬಿಳಿಚಿಕೊಂಡಿತ್ತು. ನನ್ನ ಕ್ವಾರ್ಟರ್ಸಿಗೂ ಅದೇ ಟಾಕಿಯ ನೀರು. ಎರಡು ದಿನ ನಾನು ಅದನ್ನು ಕುಡಿದಿದ್ದೆ, ಲಿಂಗಪೂಜೆಗೂ ಅದನ್ನೇ ಬಳಸಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡೆ.

"ಸರ್, ನಾ ಹಾಕಿಲ್ರಿ, ತಗದೀನ್ರಿ," ಎಂದ ಕೈಲಾಸ. "ನೀರು ನಾರಲಿಕ್ಕತ್ತಿತ್ತು. ಸಣ್ಣ ಹುಡುಗ್ರು ಕುಡೀತಾರ್ರಿ."

"ಸುಳ್ಳ ಬೊಗಳಬ್ಯಾಡ! ನಮ್ಮವರಾಗಿ ಸತ್ತು ನಾರೋದನ್ನ ಬರಿಗೈಲೆ ಯಾರರ ಮುಟ್ಟತಾರೇನು? ಹಾಕಿದಂವನೇ ಮುಟ್ಟಬೇಕು!"

ನನಗೆ ಆಗ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. ನಾನು ಮುಟ್ಟುತ್ತಿರಲಿಲ್ಲ, ಆದ್ದರಿಂದ ಒಳ್ಳೆಯವನಾದ ಯಾರೂ ಮುಟ್ಟುವುದಿಲ್ಲ. ಅವನ ಕೆನ್ನೆಗೆ ಹೊಡೆದೆ. ದೂರು ಬರೆದು ಮೊದಲ ಸಹಿ ನಾನೇ ಹಾಕಿದೆ. ಪರೀಕ್ಷೆ ತಪ್ಪಿಸಲು ಮಾಡಿದ್ದು ಎಂದು ನಾನು ಬರೆದದ್ದನ್ನು ಹೆಡ್‌ಮಾಸ್ಟರ್ ಫಾದರ್ ಒಪ್ಪಿಕೊಂಡರು. ಕೈಲಾಸನನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಬೋರ್ಡಿನ ಪರೀಕ್ಷೆಗೆ ಮಾತ್ರ ಬರಬೇಕು, ಬೀಳ್ಕೊಡುಗೆಗೆ ಕಾಲಿಡಬಾರದು. ಟಾಕಿ ತೊಳೆಯಲೆಂದು ಎರಡು ದಿನ ಸೂಟಿ ಕೊಟ್ಟರು, ಗಣಿತದ ಪೇಪರು ಮುಂದೆ ಹೋಯಿತು.

ಈಗ ಡಬ್ಬಿಯ ಮಾತು. ಸಿದ್ಧೇಶ್ವರ ಎಂಬ ಹುಡುಗನಿದ್ದ, ದೇವಣಿಯ ಕಲ್ಯಾಣಪ್ಪನವರ ಮಗ. ಕಲ್ಯಾಣಪ್ಪ ದೊಡ್ಡ ಒಕ್ಕಲುತನದವರು, ಅವರ ಹೋರಿಗಳಿಗೆ ಜಿಲ್ಲೆಯಲ್ಲೆಲ್ಲ ಹೆಸರು. ಬೀಳ್ಕೊಡುಗೆಯ ಊಟ ಅವರದೇ. ಮಗನ ಮೇಲೆ ಬಂದ ಚೀಟಿಗಳಲ್ಲಿ ಏಳು ಒಂದೇ ಮಾತು ಹೇಳುತ್ತಿದ್ದವು. 'ಟಾಕಿಯಲ್ಲಿ ಇಲಿ ಹಾಕಿ ಗಣಿತದಿಂದ ನಮ್ಮನ್ನು ಉಳಿಸಿದ ಸಿದ್ದು, ದೋಸ್ತ ಅಂದರೆ ಹೀಗಿರಬೇಕು.' ಇನ್ನೊಂದರಲ್ಲಿ, 'ಇಲಿ ಸಿದ್ದೂದು, ಹೆಸರು ಕೈಲಾಸಂದು.' ಅದರ ಕೆಳಗೆ ನಗುವ ಮುಖ ಬರೆದಿದ್ದ. ಮತ್ತೊಬ್ಬ ಕೆಂಪು ಪೆನ್ನಿನಲ್ಲಿ ಹೃದಯ ಬಿಡಿಸಿದ್ದ.

ಇಷ್ಟು ಪ್ರೀತಿಯನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಇಡೀ ವರ್ಗಕ್ಕೆ ಗೊತ್ತಿತ್ತು. ಐದನೆಯ ವರ್ಗದ ಮಕ್ಕಳು ಇಲಿ ಕೊಳೆತ ನೀರು ಕುಡಿಯುವುದನ್ನು ನೋಡಿದ್ದರು, ತಮ್ಮ ಜೊತೆಗಾರನೊಬ್ಬ ಅದಕ್ಕಾಗಿ ಹೊರಗೆ ಬೀಳುವುದನ್ನೂ ನೋಡಿದ್ದರು. ಆಮೇಲೆ ಕೂತು ಹೃದಯ ಬಿಡಿಸಿದ್ದರು! ಇವರಿಗೆ ಐದು ವರ್ಷ ಮರಾಠಿ ಕಲಿಸಿದವನು ನಾನು. ಥೂ.

ಡಬ್ಬಿಯ ತಳದಲ್ಲಿ ಯಾರೋ ಒಬ್ಬ ಕೈಲಾಸನ ಮೇಲೂ ಒಂದು ಚೀಟಿ ಹಾಕಿದ್ದ. 'ಇಲಿ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ತೆಗೆಯಲು ಹತ್ತಿದವನು ಅವನೊಬ್ಬನೇ. ಸರ್ ಕೇಳಲಿಲ್ಲ.'

ಚೀಟಿಗಳನ್ನು ಹಿಡಿದು ಫಾದರ್ ಹತ್ತಿರ ಹೋದೆ. ಅವರು ಮಂಗಳೂರು ಕಡೆಯವರು, ಮೆತ್ತಗೆ ಮಾತಾಡುವವರು. ಒಂದೊಂದನ್ನೂ ಓದಿ, ಕನ್ನಡಕ ತೆಗೆದಿಟ್ಟರು.

"ಸ್ವಾಮಿ ಮಾಸ್ಟ್ರೇ, ಬೋರ್ಡ್ ಪರೀಕ್ಷೆಗೆ ಹದಿನೈದು ದಿವಸ ಉಂಟು. ಈಗ ಇದನ್ನು ಎತ್ತಿದರೆ ಒಬ್ಬ ಹುಡುಗನ ಭವಿಷ್ಯ ಹಾಳಾಗ್ತದೆ."

"ಒಬ್ಬಂದು ಹಾಳಾಗೇದಲ್ರಿ ಫಾದರ್."

"ಅವನು ಪರೀಕ್ಷೆಗೆ ಕೂರ್ತಾನಲ್ಲ? ಮತ್ತೆ, ದೂರಿನಲ್ಲಿ ಮೊದಲ ಸಹಿ ಯಾರದ್ದು? ವಿಚಾರಣೆ ಅಂತಾದರೆ ಮೊದಲ ಪ್ರಶ್ನೆ ನಿಮಗೇ ಬರ್ತದೆ. ಹೊಡೆದದ್ದೂ ಬರ್ತದೆ. ಪ್ರೀತಿಯಿಂದ ನಾಲ್ಕು ಸಾಲು ಬರೀರಿ, ಅಷ್ಟೇ."

ಫಾದರ್ ಮೇಲೂ ಹೇಸಿಗೆಯಾಯಿತು. ಆದರೆ ಮೊದಲ ಸಹಿಯ ಮಾತು ಬಂದ ಮೇಲೆ ನಾನು ಚೀಟಿಗಳನ್ನು ಎತ್ತಿಕೊಂಡು ಹೊರಗೆ ಬಂದೆ ಎನ್ನುವುದನ್ನೂ ಬರೆಯುತ್ತೇನೆ. ಮನೆಗೆ ಬಂದು ಸುಮಿತ್ರಾಗೆ ಹೇಳಿದೆ, ನಲವತ್ತು ಹುಡುಗರದು ಓದಿ, ಕೊನೆಗೆ ಕೈಲಾಸನದೂ ಓದಿಬಿಡುತ್ತೇನೆ, ಆದದ್ದಾಗಲಿ.

"ಓದ್ರಿ," ಎಂದಳು. "ಮಾಕಣ್ಯಾಗ ಆ ಹುಡುಗಗ ಇಲಿ ಕೈಲಾಸ ಅಂತಾರಂತ. ಹೊರಗ ಬರೂದೇ ಬಿಟ್ಟಾನಂತ. ನೀವು ಆ ಮಂದಿ ಮುಂದ ಓದಿದ್ರ ಅಂವಾ ಉಳೀತಾನ."

ಆ ರಾತ್ರಿ ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

ಸಮಾರಂಭದ ದಿನ ಹಾಲ್ ತುಂಬಿತ್ತು. ಕಲ್ಯಾಣಪ್ಪ ಜರಿ ರುಮಾಲು ಸುತ್ತಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ನಾನು ಮೈಕ್ ಹಿಡಿದು ಒಂದೊಂದೇ ಹಾಳೆ ಓದುತ್ತ ಹೋದೆ. ಸಿದ್ಧೇಶ್ವರನ ಸರದಿ ಬಂತು. 'ಗೆಳೆಯರ ಕಷ್ಟ ನೋಡಿ ಸುಮ್ಮನಿರದ ಹುಡುಗ. ಅವರಿಗಾಗಿ ಏನು ಮಾಡಲೂ ಹಿಂಜರಿಯದವನು' ಎಂದು ಓದಿದ್ದೇ ತಡ, ಹುಡುಗರೆಲ್ಲ ಹೋ ಎಂದು ನಕ್ಕು ಬೆಂಚು ಬಡಿದರು. ಚುಚ್ಚಬೇಕೆಂದೇ ಹಾಗೆ ಬರೆದಿದ್ದೆ, ಅವರಿಗೆ ಅದು ಶಾಬಾಸ್‌ಗಿರಿಯಾಯಿತು. ಕಲ್ಯಾಣಪ್ಪ ರುಮಾಲಿನ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಿದ್ಧೇಶ್ವರ ಬಂದು ನನ್ನ ಕಾಲು ಮುಟ್ಟಿ, "ಮಸ್ತ್ ಬರದೀರಿ ಸರ್," ಎಂದ. ಅವನ ಬೆರಳಿನ ಬಿಸಿ ನನ್ನ ಪಾದಕ್ಕೆ ತಾಗಿತು.

ನಲವತ್ತೂ ಮುಗಿದವು. ಕೈಲಾಸನ ಹಾಳೆ ಎದೆಯ ಜೇಬಿನಲ್ಲಿತ್ತು. ಫಾದರ್ ನನ್ನನ್ನೇ ನೋಡುತ್ತಿದ್ದರು. ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು, ಯಾರೂ ಕಸಿದುಕೊಳ್ಳಲಿಲ್ಲ. ಜೇಬಿಗೆ ಕೈ ಹಾಕಿದೆ. ಕಲ್ಯಾಣಪ್ಪ ಅಷ್ಟರಲ್ಲಿ ಎದ್ದು, "ಸ್ವಾಮ್ಗೋಳೆ, ನೀವು ನಮ್ಮ ಪಂಕ್ತ್ಯಾಗೇ ಕುಂಡ್ರಬೇಕು ನೋಡ್ರಿ," ಎಂದು ಕೈ ಮುಗಿದರು. ನಾನು ಜೇಬಿನಿಂದ ಕೈ ತೆಗೆದು ಊಟಕ್ಕೆ ಏಳಿರಿ ಎಂದು ಮೈಕಿನಲ್ಲಿ ಹೇಳಿದೆ. ಕಂಡವರ ಲೋಟ ಮುಟ್ಟದ ನಾನು ಕಲ್ಯಾಣಪ್ಪನವರ ಪಕ್ಕ ಕೂತು ಎರಡು ಹೋಳಿಗೆ ತಿಂದೆ. ತುಪ್ಪ ಚೆನ್ನಾಗಿತ್ತು.

ಸುಮಿತ್ರಾ ಆ ಹಾಳೆಯನ್ನು ನನ್ನ ಜೇಬಿನಿಂದ ತೆಗೆದು ಪೂಜೆಯ ಮಣೆಯ ಮೇಲಿಟ್ಟಳು. ಭಾನುವಾರ ಬಸ್ಸು ಹಿಡಿದು ಮಾಕಣಿಗೆ ಹೋದೆ. ಹಾಳೆಯನ್ನು ಅವನ ಕೈಗೇ ಕೊಟ್ಟರೆ ಅರ್ಧ ಪಾಪವಾದರೂ ಕಳೆದೀತು ಎಂಬ ಲೆಕ್ಕ ನನ್ನದು. ಕೈಲಾಸನ ತಾಯಿ ಗೌರಾಬಾಯಿ ಬಾಗಿಲಲ್ಲೇ ಕಾಲಿಗೆ ಬಿದ್ದಳು. ಮಗನನ್ನು ಹೊಡೆದು ಓಡಿಸಿದವನು ಇವನೇ ಎಂದು ಅವಳಿಗೆ ಗೊತ್ತಿತ್ತು, ಆದರೂ ಬಂದವರು ಜಂಗಮರಲ್ಲವೇ. ಕೈಲಾಸ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತ. ಸೊರಗಿದ್ದ.

"ತಾಯಿ, ತಪ್ಪು ನಂದು. ನಿಮ್ಮ ಮಗ ಇಲಿ ಹಾಕಿದ್ದಿಲ್ಲ, ತಗದಿದ್ದ," ಎಂದೆ. ಹಾಳೆ ಬಿಡಿಸಿ ಓದಿದೆ. ಮಂದಿ ಹೇಸಿದ್ದನ್ನು ಮಂದಿಗಾಗಿಯೇ ಕೈಯಿಂದ ಎತ್ತಿದವನು, ಅವನ ಕೈಯಷ್ಟು ಶುದ್ಧವಾದ ಕೈ ಈ ಶಾಲೆಯಲ್ಲಿ ಬೇರೆ ಇರಲಿಲ್ಲ, ಎಂದೆಲ್ಲ ಬರೆದಿದ್ದೆ. ಗೌರಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಕೈಲಾಸ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ. "ಸರ್, ಖರೇ ಮಾತು ನಿಮಗ ಯಾವಾಗ ತಿಳೀತ್ರಿ?"

"ತಿಳದಕೂಡ್ಲೇ ಓಡಿ ಬಂದಾರೋ, ಅದನ್ನೇನು ಕೇಳ್ತಿ?" ಎಂದಳು ತಾಯಿ.

"ನಿರೋಪ ಸಮಾರಂಭ ಆದ ಮ್ಯಾಲೇನ್ರಿ, ಮೊದಲ?"

ಆದ ಮೇಲೆ ಎನ್ನಬಹುದಿತ್ತು. ತಾಯಿ ಆ ಉತ್ತರವನ್ನು ನನ್ನ ಬಾಯಿಗೇ ಇಟ್ಟಿದ್ದಳು. ಆದರೆ ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ.

"ಮೊದಲ," ಎಂದೆ.

ಅವನು ಹತ್ತಿರ ಬಂದು ಹಾಳೆಯನ್ನು ತೆಗೆದುಕೊಂಡ, ನಾಲ್ಕು ಮಡಿಕೆ ಮಾಡಿದ, ನನ್ನ ಕೈಯಲ್ಲೇ ಇಟ್ಟ.

"ಚಲೋ ಬರದೀರಿ ಸರ್," ಎಂದ. "ಆದ್ರ ಇದನ್ನ ನಮ್ಮವ್ವಗ ಓದಿ ಹೇಳೂದೇನಿತ್ರಿ? ಆಕಿಗಿ ಮೊದಲೇ ಗೊತ್ತಿತ್ತು."