ಎತ್ತಿದ ಹಿಮ್ಮಡಿ

"ಇವನಾ? ಇವನು ಕಲ್ಲಿನ ಕಾಲಿಗೆ ಡಾಕ್ಟ್ರು. ರಕ್ತ ಬರೋ ಕಾಲು ಇವನಿಗೆ ಗೊತ್ತಾಗಲ್ಲ."

ವಾರ್ಡಿನ ತುಂಬ ನಗೆ ಹಬ್ಬಿತು. ಪಕ್ಕದ ಮಂಚದ ಮುದುಕ ನಗುತ್ತ ಕೆಮ್ಮಿದ, ಕೆಮ್ಮುತ್ತ ನಕ್ಕ. ಬ್ಯಾಂಡೇಜು ಬಿಚ್ಚುತ್ತಿದ್ದ ನರ್ಸು ತುಟಿ ಕಚ್ಚಿಕೊಂಡಳು. ತಪ್ಪು ಸರ್ಜನ್ನಿನದು. "ನೀವೂ ಡಾಕ್ಟರಂತಲ್ಲ, ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ" ಎಂದು ಮಂಚದ ಪಕ್ಕ ನಿಂತಿದ್ದ ಮಗನ ಕಡೆ ತಿರುಗಿದ್ದು ಆತ. ಉತ್ತರ ಕೊಟ್ಟಿದ್ದು ಮಾತ್ರ ಅಪ್ಪ, ಮಲಗಿದಲ್ಲಿಂದಲೇ.

ಅವನು ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಎಳೆದುಕೊಂಡ. "ನಂದು ಪಿಎಚ್.ಡಿ." ಎಂದ. ಹೇಳಬಾರದಿತ್ತು.

"ಯಾವುದರ ಮೇಲೆ?" ಸರ್ಜನ್ ಮರ್ಯಾದೆಗೆ ಕೇಳಿದ.

"ಸ್ಮಾರಕದ ಮೇಲೆ."

"ನನ್ನ ಹಿಮ್ಮಡಿ ಮೇಲೆ," ಎಂದ ಅಪ್ಪ.

ಮತ್ತೆ ನಗು. ಈ ಸಲ ಯಾಕೆ ನಗುತ್ತಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ. ನಗಲು ಅದು ಬೇಕಾಗಿಯೂ ಇರಲಿಲ್ಲ.

ಸರ್ಜನ್ ಗಡಿಯಾರ ನೋಡಿಕೊಂಡು ಹೇಳಿದ. ಸಕ್ಕರೆ ಕಾಯಿಲೆ, ಹಳೇ ಗಾಯ, ಕೊಳೆತಿದೆ. ನಾಳೆ ಬೆಳಿಗ್ಗೆ ಪಾದ ತೆಗೆಯಬೇಕು. ತಡ ಮಾಡಿದರೆ ಮಂಡಿಯೂ ಹೋಗುತ್ತದೆ. ಹಲ್ಲು ಕೀಳುವ ಮಾತಾಡಿದಂತೆ ಮಾತಾಡಿ, ಮುಂದಿನ ಮಂಚಕ್ಕೆ ಹೋದ. ನರ್ಸು ಗಾಯ ತೊಳೆಯತೊಡಗಿದಳು. ಆ ಹಿಮ್ಮಡಿಯ ಮೇಲೆ ದಪ್ಪ ಪುಸ್ತಕ ಬರೆದವನು ಕಿಟಕಿಯಾಚೆಯ ನೀರಿನ ಟ್ಯಾಂಕನ್ನು ನೋಡುತ್ತ ನಿಂತ.

"ಇವತ್ತು ಸ್ಮಾರಕದ ದಿನ ಅಲ್ವಾ?" ಎಂದ ಅಪ್ಪ. "ಮೈಕು ನಿನ್ನ ಕೈಗೇ ತಾನೆ ಕೊಡೋದು?"

"ಹೂಂ."

"ಹೇಳು ಮತ್ತೆ."

"ಏನು?"

"ಏನು ಅಂತ ಕೇಳ್ತಾನೆ ನೋಡು! ಆ ಕಾಲು ನಮ್ಮಪ್ಪಂದು ಅಂತ. ಒಂದೇ ಮಾತು. ನಾಲಿಗೆ ಸವೆದು ಹೋಗಲ್ಲ. ನಾಳೆಯಿಂದ ನನಗೆ ಉಳಿಯೋ ಬಲಗಾಲು ಅದೊಂದೇ ಕಣೋ."

"ನೋಡೋಣ," ಎಂದ ಅವನು. 'ಇಲ್ಲ' ಎನ್ನುವುದನ್ನು ಅವನು ಕಲಿತುಕೊಂಡಿದ್ದೇ ಹೀಗೆ.

ಮೆಟ್ಟಿಲ ತನಕ ಅಕ್ಕ ಹಿಂದೆಯೇ ಬಂದಳು, ಕೈಯಲ್ಲಿ ಖಾಲಿ ಫ್ಲಾಸ್ಕು. "ನಾನು ಅಪ್ಪನ್ನ ಕರ್ಕೊಂಡು ಬರ್ತೀನಿ. ಸಿಸ್ಟರ್‌ನ ಕೇಳಿದ್ದಾಯ್ತು."

"ಈ ಸ್ಥಿತೀಲಾ?"

"ಕಾಲು ಹೋಗೋಕೆ ಮುಂಚೆ ಕಾಲು ನೋಡ್ಬೇಕಂತೆ."

"ತುಂಬ ಜನ ಇರ್ತಾರಕ್ಕಾ."

"ಇರ್ಲಿ ಅಂತಾನೇ," ಎಂದಳು ಅಕ್ಕ.

ಅವನು ಮೆಟ್ಟಿಲಿಳಿದ. ಹೊಸ ಬೂಟು. ಒಂದೊಂದು ಹೆಜ್ಜೆಗೂ ಟಕ್, ಟಕ್ ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ಸದ್ದು ಮಾಡುತ್ತಿತ್ತು.

ಬಸ್ಸಿನ ಕಿಟಕಿಯಲ್ಲಿ ಸ್ಮಾರಕ ದೂರದಿಂದಲೇ ಕಾಣತೊಡಗುತ್ತದೆ. ಕಾಣದಿರುವ ಜಾಗವೇ ಈ ಊರಲ್ಲಿಲ್ಲ. ನಾಡು ಕಟ್ಟಿದ ನಾಯಕ ಸತ್ತ ವರ್ಷವೇ ಒಬ್ಬರು ಅಡಿಗಲ್ಲು ಹಾಕಿದರು. ಅವರ ಸರ್ಕಾರ ಬಿದ್ದು ಇನ್ನೊಬ್ಬರು ಬಂದು, ಆ ಕಲ್ಲು ಕಿತ್ತು ಬೇರೆ ಕಲ್ಲು ಹಾಕಿದರು. ಆಮೇಲೆ ಮುಖದ ಜಗಳ. ನಾಯಕರು ಹಳೇ ಪೇಟೆಯ ಕಡೆ ನೋಡಿದರೆ ಹೊಸ ಬಡಾವಣೆಗೆ ಬೆನ್ನು. ಇತ್ತ ನೋಡಿದರೆ ಅತ್ತ ಬೆನ್ನು. ಬೆನ್ನು ಯಾರಿಗೂ ಬೇಡ. ಪೀಠ ಅರ್ಧಕ್ಕೆ ನಿಂತಿತು. ಹುಲ್ಲು ಬೆಳೆಯಿತು, ಜನ ಬಟ್ಟೆ ಒಣಹಾಕಿದರು. ಮತ್ತೆ ಕೆಲಸ ಶುರುವಾಗುವ ಹೊತ್ತಿಗೆ ಮೊದಲಿನ ಗಣಿಯ ಕಲ್ಲು ಮುಗಿದಿತ್ತು. ಅದಕ್ಕೇ ಪೀಠ ಕೆಳಗೆ ಬೂದಿ ಬಣ್ಣ, ಮೇಲೆ ಬಿಳಿ. ಕೆಳಗಿನದು ಹೋರಾಟ, ಮೇಲಿನದು ಬಿಡುಗಡೆ ಎಂದು ಗೈಡುಗಳು ಹೇಳುತ್ತಾರೆ. ಹೇಳಿಕೊಟ್ಟವನು ಅವನೇ.

ಶಿಲ್ಪಿ ಬಂದಾಗ ಇನ್ನೊಂದು ತೊಡಕು. ನಾಯಕರ ಫೋಟೋಗಳಲ್ಲೆಲ್ಲ ಅವರು ಮೇಜಿನ ಹಿಂದೆ ಕೂತಿದ್ದಾರೆ. ಸೊಂಟದ ಕೆಳಗೆ ಅವರು ಹೇಗಿದ್ದರೋ ದೇವರಿಗೇ ಗೊತ್ತು. ಶಿಲ್ಪಿ ಕಲ್ಲು ಹೊರುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಪ್ಪನನ್ನು ಆರಿಸಿದ. ಎತ್ತರದ ಆಳು, ಹುರಿಗಟ್ಟಿದ ಕಾಲು. ಆ ವಾರವೇ ಅಪ್ಪ ಹಲಗೆಯೊಂದರ ಮೊಳೆ ತುಳಿದಿದ್ದ. ಬಲ ಹಿಮ್ಮಡಿ ಕೀವು ತುಂಬಿ ಊದಿತ್ತು.

"ಹಿಮ್ಮಡಿ ಊರೋಕಾಗ್ತಿಲ್ಲ ಸ್ವಾಮಿ."

"ಊರಬೇಡ. ಅಲ್ಲಾಡಬೇಡ, ಅಷ್ಟೆ."

ಶಿಲ್ಪಿ ಕಂಡದ್ದನ್ನು ಕಂಡ ಹಾಗೆ ಕೆತ್ತುವವನು. ಮಣ್ಣಿನ ಮಾದರಿ ನೋಡಲು ಸಮಿತಿ ಬಂತು. ಸುತ್ತ ಓಡಾಡಿತು. ಒಬ್ಬ ಸದಸ್ಯರು ಕನ್ನಡಕ ಏರಿಸಿ, "ಓಹೋ! ಹೆಜ್ಜೆ ಮುಂದಿಡ್ತಿದ್ದಾರೆ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿಲ್ಪಿ ಬಾಯಿ ಬಿಡಲಿಲ್ಲ. ಮೂಲೆಯಲ್ಲಿ ಒಂಟಿ ಹಿಮ್ಮಡಿಯ ಮೇಲೆ ನಿಂತಿದ್ದವನ ಕಡೆ ಯಾರೂ ತಿರುಗಲಿಲ್ಲ.

ಅಲ್ಲಿಂದ ನಾಡಿಗೆ ನಾಡೇ ಹಿಮ್ಮಡಿ ಎತ್ತಿತು. ನಾಣ್ಯದ ಮೇಲೆ, ಅಂಚೆಚೀಟಿಯ ಮೇಲೆ, ಪೊಲೀಸರ ಟೋಪಿಯ ಮೇಲೆ ಅದೇ ಪಾದ. ಸ್ಮಾರಕದ ದಿನ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಬಲ ಹಿಮ್ಮಡಿ ಎತ್ತಿ ಮೌನವಾಗಿ ನಿಲ್ಲಬೇಕು. ಮತ್ತೆ ಗಂಟೆಯಾದರೆ ಇಳಿಸಬೇಕು. ಮಂತ್ರಿಯಾದರೂ ಅಷ್ಟೆ, ಮಾಲಿಯಾದರೂ ಅಷ್ಟೆ.

ಚಿಕ್ಕವನಿದ್ದಾಗ ಅವನು ಶಾಲೆಯಲ್ಲಿ ಒಮ್ಮೆ ಹೇಳಿದ್ದ, ಅದು ನಮ್ಮಪ್ಪನ ಕಾಲು ಅಂತ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಹುಡುಗರು ಶಾಲೆ ಬಿಡುವ ತನಕ 'ಹಿಮ್ಮಡಿ' ಎಂದೇ ಕರೆದರು. ಅವನು ಆ ಹೆಸರಿನ ಮೇಲೆಯೇ ಓದಿದ, ಪದವಿ ತಗೊಂಡ, ಸ್ಮಾರಕದಲ್ಲೇ ಕೆಲಸ ಹಿಡಿದ. ಪಿಎಚ್.ಡಿ. ಸಂದರ್ಶನದಲ್ಲಿ ಒಬ್ಬರು ಕೇಳಿದ್ದರು, ಶಿಲ್ಪಕ್ಕೆ ಮಾದರಿ ಯಾರು ನಿಂತದ್ದು ಅಂತ. "ದಾಖಲೆ ಇಲ್ಲ ಸರ್" ಎಂದಿದ್ದ. ಸುಳ್ಳೇನಲ್ಲ. ಅಪ್ಪ ದಾಖಲೆಯಲ್ಲ. ಮನೆಯ ಮೂಲೆಯಲ್ಲಿ ಕಾಲು ನೀವಿಕೊಳ್ಳುತ್ತ ಕೂತಿರುವ ಮನುಷ್ಯ.

ಸ್ಮಾರಕದ ಅಂಗಳದಲ್ಲಿ ನಿರ್ದೇಶಕರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಕಾದಿದ್ದರು.

"ಬನ್ರೀ ಡಾಕ್ಟ್ರೇ. ಮಂತ್ರಿಗಳಿಗೆ ಬಿಸಿಲು ಆಗಲ್ಲ. ಹೊಸದೇನೂ ಬೇಡ. ಅದೇ ಹೆಜ್ಜೆ, ಅದೇ ನಾಳೆ, ಮುಗಿಸಿಬಿಡಿ."

"ಹೊಸದು ಏನಾದ್ರೂ ಇದ್ರೆ ಸರ್?"

"ಚರಿತ್ರೇಲಿ ಹೊಸದು ಎಲ್ಲಿಂದ್ರೀ ಬರುತ್ತೆ?" ಎಂದು ನಕ್ಕು ನಿರ್ದೇಶಕರು ಅವನ ಭುಜ ತಟ್ಟಿದರು. ಅವನೂ ನಕ್ಕ. ನಗು ಮುಗಿದ ಮೇಲೂ ಮುಖ ಹಾಗೇ ಇತ್ತು.

ಮೈಕು ಅವನ ಕೈಗೆ ಬಂತು. ಮಾತು ತಾನಾಗಿಯೇ ಹೊರಟಿತು. ಅಡಿಗಲ್ಲು, ಹೋರಾಟದ ಬೂದಿ, ಬಿಡುಗಡೆಯ ಬಿಳಿ. ಬಾಯಿ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಅವನಿಗೆ ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ಆಗ ಹಗ್ಗ ಕಟ್ಟಿದ ಅಂಚಿನಲ್ಲಿ ಜನ ಅತ್ತಿತ್ತ ಸರಿದರು. ಅಕ್ಕ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಅಪ್ಪ ಆಸ್ಪತ್ರೆಯ ಅಂಗಿಯ ಮೇಲೆ ತನ್ನ ಹಳೇ ಕೋಟು ಹಾಕಿದ್ದ. ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿತ್ತು. ಅಕ್ಕ ಬೇಡವೆಂದರೂ ಕೇಳದೆ ಹಗ್ಗ ಹಿಡಿದು ಎದ್ದು ನಿಂತ. ತಲೆ ಎತ್ತಿ ಮೇಲೆ ನೋಡಿದ. ನಾಯಕರ ಮುಖದ ತನಕ ಅವನ ಕಣ್ಣು ಹೋಗಲೇ ಇಲ್ಲ. ಪಾದದಲ್ಲೇ ನಿಂತಿತು. ಮಗನನ್ನು ಸ್ಕೂಲಿಗೆ ಬಿಟ್ಟು ಗೇಟಿನಾಚೆ ನಿಂತು ನೋಡುವವರು ಹಾಗೆ ನೋಡುತ್ತಾರೆ.

"ಈ ಹಿಮ್ಮಡಿ..." ಎಂದ ಅವನು.

ನಿಲ್ಲಿಸಿದ. ಮೈಕು ಗುಂಯ್ ಎಂದಿತು. ಅಪ್ಪ ಕಣ್ಣು ಕೆಳಗಿಳಿಸಿ ಅವನನ್ನು ನೋಡಿದ. ಗದ್ದ ಒಂದಿಷ್ಟು ಎತ್ತಿದ. ಹೂಂ, ಹೇಳು.

ಹೇಳಬಹುದಿತ್ತು. ಆದರೆ ಹೇಳಿದ ಮೇಲೆ? ಆ ಹಿಮ್ಮಡಿಯಲ್ಲಿ ಉಳಿಯುವುದು ಕೀವು. ಪುಸ್ತಕದಲ್ಲಿ ಕೀವು, ನಾಣ್ಯದಲ್ಲಿ ಕೀವು. ಡಾಕ್ಟರ್ ಎಂದು ಕರೆಸಿಕೊಳ್ಳುವವನಲ್ಲಿ ಉಳಿಯುವುದು ಏನು? ಅವನು ತನ್ನೊಳಗೆ ಇಣುಕಿದ. ಬಟ್ಟೆ ಒಣಹಾಕಿದ್ದ ಕಾಲದ ಪೀಠ. ಮೇಲೆ ಯಾರೂ ಇಲ್ಲ.

"...ಈ ಹಿಮ್ಮಡಿ ಎದ್ದಿರುವುದು ನಾಳೆಯ ಕಡೆಗೆ," ಎಂದ.

ಚಪ್ಪಾಳೆ. ಅಪ್ಪ ಗದ್ದ ಇಳಿಸಿದ. ಬೈಯಲಿಲ್ಲ, ತಲೆ ಅಲ್ಲಾಡಿಸಲಿಲ್ಲ. ಮತ್ತೆ ಮೇಲಕ್ಕೆ, ಪಾದದ ಕಡೆಗೆ ನೋಡತೊಡಗಿದ, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಗಂಟೆ ಮೊಳಗಿತು. ಇಡೀ ಅಂಗಳ ಬಲ ಹಿಮ್ಮಡಿ ಎತ್ತಿತು. ಮಂತ್ರಿಗಳು ಅಂಗರಕ್ಷಕನ ತೋಳು ಹಿಡಿದು ಎತ್ತಿದರು. ಎಲ್ಲೋ ಒಂದು ಮೊಣಕಾಲು ಲಟಕ್ಕೆಂದಿತು. ಮತ್ತೆ ಗಂಟೆ. ಸಾವಿರಾರು ಹಿಮ್ಮಡಿಗಳು ನೆಲಕ್ಕೆ ಬಂದವು.

ಒಂದು ಬರಲಿಲ್ಲ.

ಹಗ್ಗದಂಚಿನ ಮುದುಕ ಹಿಮ್ಮಡಿ ಇಳಿಸದೆ ನಿಂತೇ ಇದ್ದ. ಮೊದಲು ಪಕ್ಕದವರು ನೋಡಿದರು, ಆಮೇಲೆ ಮುಂದಿನ ಸಾಲಿನವರು ತಿರುಗಿದರು. ಪ್ಲಾಸ್ಟಿಕ್ ಚೀಲದ ಕಾಲು, ಬೆವರಿದ ಮುಖ, ಎತ್ತಿದ ಹಿಮ್ಮಡಿ. ಒಬ್ಬ ಹೆಂಗಸು ನಾಚಿಕೊಂಡು ತನ್ನದನ್ನೂ ಮತ್ತೆ ಎತ್ತಿದಳು. ಅವಳನ್ನು ನೋಡಿ ಇನ್ನೊಬ್ಬ. ಸಾಲು ಸಾಲಾಗಿ ಮತ್ತೆ ಎದ್ದವು. ಮಂತ್ರಿಗಳೂ ವಿಧಿಯಿಲ್ಲದೆ ಎತ್ತಿದರು. ಗಂಟೆಯಿಲ್ಲದ ಮೌನ, ಸೂಜಿ ಬಿದ್ದರೂ ಕೇಳುವಂಥದ್ದು. ಫೋಟೋಗ್ರಾಫರ್ ಬಗ್ಗಿ ಅಪ್ಪನ ಕಡೆ ಕ್ಯಾಮೆರಾ ತಿರುಗಿಸಿದ.

ನಿರ್ದೇಶಕರ ಕಣ್ಣು ಒದ್ದೆಯಾಗಿತ್ತು. "ಎಂಥ ಭಕ್ತಿ ನೋಡ್ರೀ," ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದರು. "ನಿಮ್ಮ ಕಡೇನೇ ನೋಡ್ತಿದ್ದಾರಲ್ಲ. ಯಾರ್ರೀ ಆ ಯಜಮಾನರು? ನಿಮಗೆ ಗೊತ್ತಾ?"

ಹೌದು, ಅಪ್ಪ ನೋಡುತ್ತಿದ್ದ. ಅಕ್ಕನೂ. ಫೋಟೋಗ್ರಾಫರ್ ಹೆಸರು ಬರೆದುಕೊಳ್ಳಲು ಪೆನ್ನು ತೆಗೆದು ಅವನ ಬಾಯಿಯನ್ನೇ ನೋಡುತ್ತಿದ್ದ.

ಅವನು ಮೈಕನ್ನು ನಿರ್ದೇಶಕರ ಕೈಗಿಟ್ಟ. ತಿರುಗಿ ನಡೆದ. ಬಿಳಿ ಕಲ್ಲಿನ ನೆಲದ ಮೇಲೆ ಬೂಟು ಟಕ್ ಎಂದಿತು. ಆ ಮೌನದಲ್ಲಿ ಗುಂಡು ಹಾರಿದ ಹಾಗೆ. ಎಲ್ಲರೂ ಇತ್ತ ನೋಡುತ್ತಾರೆಂದು ಹೆದರಿ ಅವನು ಮುಂದಿನ ಹೆಜ್ಜೆಯನ್ನು ಬೆರಳ ತುದಿಯಲ್ಲಿ ಇಟ್ಟ. ಅದರ ಮುಂದಿನದನ್ನೂ. ಬಿಸಿಲಿನಲ್ಲಿ ಉದ್ದಕ್ಕೆ ಬಿದ್ದಿದ್ದ ನಾಯಕರ ನೆರಳನ್ನು ದಾಟಿ, ಸದ್ದಾಗದ ಹಾಗೆ, ಎರಡೂ ಹಿಮ್ಮಡಿ ಎತ್ತಿಕೊಂಡು, ಕಳ್ಳನಂತೆ ಗೇಟಿನ ಕಡೆಗೆ ಹೋಗುತ್ತಲೇ ಇದ್ದ.