ಗೋಡೆ ಬುಡದ ನೇರಳೆ ಹೂವು

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದ ಅತ್ತೆಗೆ ಹಿತ್ತಲೂ ವಾರ್ಡಿನಂತೆ ಚೊಕ್ಕಟವಾಗಿರಬೇಕು. ಅಷ್ಟು ಮಾಡಿದರೂ ಎರಡು ವರ್ಷದಿಂದ ಕುಂಬಳದ ಬಳ್ಳಿ ಕೈಕೊಟ್ಟಿತ್ತು. ಹೂವೇನೋ ಬಿಡುತ್ತಿತ್ತು, ಮಿಡಿ ಹಿಡಿಯುವ ಮೊದಲೇ ಉದುರುತ್ತಿತ್ತು. ಬೀನ್ಸ್ ಗಿಡಕ್ಕೆ ಹಸಿರು ಹೇನು ಮುತ್ತಿತ್ತು.

ಜೊತೆಗಿದ್ದ ಅಳಿಯ ಎಲೆಕ್ಟ್ರಿಷಿಯನ್, ಮಾತು ಕಡಿಮೆ. ಒಂದು ಸಂಜೆ ಅವನು ಸ್ಕ್ರೂ ಡಬ್ಬಿಯಲ್ಲಿ ಧೂಳಿನಂಥ ಬೀಜ ತಂದ. ಟ್ರಾನ್ಸ್‌ಫಾರ್ಮರ್ ಸುತ್ತ ತಾನಾಗಿ ಬೆಳೆದ ನೇರಳೆ ಬಣ್ಣದ ಹೂವಿಗೆ ಜೇನ್ನೊಣ ಮುಗಿಬಿದ್ದದ್ದನ್ನು ಕಂಡಿದ್ದನಂತೆ. ಅವು ಇಲ್ಲಿಗೆ ಬಂದರೆ ಕುಂಬಳವೂ ಕಾಯಿ ಕಟ್ಟುತ್ತದೆ ಎಂಬುದು ಅವನ ವಾದ. ಕಳೆಯನ್ನೂ ಬಿತ್ತಿ ಬೆಳೆಯುವುದುಂಟೇ ಎಂದು ಅತ್ತೆ ಮೂಗು ಮುರಿದರು. ಕೊನೆಗೆ ಮಗಳ ಮುಖ ನೋಡಿ ಗೋಡೆ ಬುಡದಲ್ಲಿ ಎರಡು ಮಾರು ಜಾಗ ಬಿಟ್ಟುಕೊಟ್ಟರು. ಅವನು ಬೀಜವನ್ನು ಮರಳಿಗೆ ಬೆರೆಸಿ ಚೆಲ್ಲಿ, ಮಣ್ಣು ಮುಚ್ಚದೆ ಅಂಗೈಯಿಂದ ಒತ್ತಿದ.

ಮೊದಲ ವರ್ಷ ಬಂದದ್ದು ನೆಲಕ್ಕಂಟಿದ ಎಲೆ ಮಾತ್ರ. ಅಳಿಯ ಸೊಪ್ಪು ಬೆಳೆಯುತ್ತಿದ್ದಾನಾ ಎಂದು ಪಕ್ಕದ ಮನೆಯಾಕೆ ನಕ್ಕಾಗ ಅತ್ತೆಗೆ ಉರಿದುಹೋಯಿತು. ಅವನು ಕೆಲಸಕ್ಕೆ ಹೋದದ್ದೇ ತಡ, ಕುಕ್ಕರಗಾಲಲ್ಲಿ ಕೂತು ಅರ್ಧದಷ್ಟನ್ನು ಕಿತ್ತುಹಾಕಿದರು. ಆಮೇಲೆ ಕಣ್ಣಿಗೆ ಬಿತ್ತು, ಒಂದೊಂದರ ಬೇರೂ ಗೇಣುದ್ದ. ಮೇಲೆ ಸುಮ್ಮನಿದ್ದ ಗಿಡ ಇಷ್ಟು ದಿನ ಕೆಳಗೆ ದುಡಿದಿತ್ತು. ಅವರ ಕೈ ನಿಂತಿತು. ಕಿತ್ತದ್ದನ್ನೆಲ್ಲ ಮತ್ತೆ ಊರಿ, ನೀರು ಹನಿಸಿ, ವಾರವಿಡೀ ಹಳೆ ದಿಂಬಿನ ಚೀಲ ಕಟ್ಟಿ ನೆರಳು ಮಾಡಿದರು. ಅಳಿಯ ಬರುವ ಹೊತ್ತಿಗೆ ಚೀಲ ತೆಗೆದಿಡುವರು. ಅವನು ಕೇಳಲಿಲ್ಲ, ಅವರೂ ಬಾಯಿ ಬಿಡಲಿಲ್ಲ.

ಮರುವರ್ಷ ಗಿಡಗಳು ಸೊಂಟದೆತ್ತರ ಎದ್ದು ಮೈತುಂಬ ಹೂ ಬಿಟ್ಟವು. ಕಿತ್ತು ನೆಟ್ಟವುಗಳಲ್ಲಿ ನಾಲ್ಕಾರು ಸತ್ತು, ಉಳಿದವು ಗಿಡ್ಡವಾಗಿದ್ದವು. ಜೇನ್ನೊಣದ ಹಿಂದೆಯೇ ಹಳದಿ ಪಟ್ಟೆಯ ಸಣ್ಣ ನೊಣಗಳೂ ಬಂದವು. ಅವುಗಳ ಮರಿಹುಳು ಬೀನ್ಸ್ ಎಲೆಯ ಹೇನನ್ನು ಒಂದೊಂದಾಗಿ ಮುಗಿಸುವುದನ್ನು ಅತ್ತೆ ಕನ್ನಡಕ ಏರಿಸಿಕೊಂಡು ನೋಡುತ್ತ ನಿಂತರು. ಕುಂಬಳದಲ್ಲಿ ಐದು ಮಿಡಿ ನಿಂತವು.

ಆ ಸಂಜೆ ಅವರಿಗೆ ತಡೆಯಲಾಗಲಿಲ್ಲ. "ಆ ಕಡೆಯವು ಯಾಕೆ ಗಿಡ್ಡ ಗೊತ್ತಾ? ನಾನೇ ಕಿತ್ತಿದ್ದೆ ಕಣಪ್ಪ."

"ಗೊತ್ತು ಅತ್ತೆ," ಎಂದ ಅಳಿಯ. "ನೀವು ವಾಪಸ್ ನೆಟ್ಟಿದ್ದು ನೇರ ಸಾಲಲ್ಲಿತ್ತು. ನಾನು ಚೆಲ್ಲಿದ್ದು ಹಾಗಿರಲಿಲ್ಲ."

ಅತ್ತೆಗೆ ನಗು ಬಂದುಬಿಟ್ಟಿತು. ಹಿತ್ತಲ ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕೂತರು. ಮಗಳು ಊಟಕ್ಕೆ ಎರಡು ಸಲ ಕರೆದರೂ ಇಬ್ಬರ ಮಾತು ಮುಗಿದಿರಲಿಲ್ಲ.